ಇಂಗ್ಲಿಷ್ ವಾಕ್ಯ ತಿದ್ದಿಕೊಳ್ಳುವುದು ಹೇಗೆ: ಮೊದಲು ಸಾಲು ಸರಿಮಾಡಿ, ಆಮೇಲೆ ಬಾಣ ಎಳೆಯಿರಿ

ಕೆಲವು ವರ್ಷಗಳ ಹಿಂದೆ ಒಂದು ಯಂತ್ರವನ್ನು ಬಳಸುವ ಬಗ್ಗೆ ಇಂಗ್ಲಿಷ್‌ನಲ್ಲಿ ಸೂಚನೆ ಬರೆದುಕೊಟ್ಟಿದ್ದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ಟೇಕ್ ದ ಫಿಲ್ಟರ್ ಔಟ್ ಆಫ್ ದ ಟ್ರೇ ಅಂಡ್ ವಾಶ್ ಇಟ್." ತೊಳೆಯಬೇಕಾಗಿದ್ದು ಟ್ರೇ. ಓದಿದವರು ತೊಳೆದಿದ್ದು ಫಿಲ್ಟರ್. ಅದು ಕಾಗದದ ಫಿಲ್ಟರ್. ನೀರು ಬಿದ್ದ ಮೇಲೆ ಎಸೆಯಬೇಕಾಯಿತು.

ಆ ವಾಕ್ಯದಲ್ಲಿ ಸ್ಪೆಲಿಂಗ್ ತಪ್ಪಿರಲಿಲ್ಲ, ವ್ಯಾಕರಣವೂ ತಪ್ಪಿರಲಿಲ್ಲ. ಕೊನೆಯ "ಇಟ್" ಮಾತ್ರ ಎರಡು ಕಡೆಗೂ ಕೈ ತೋರಿಸುತ್ತಿತ್ತು. ಓದಿದವರು ಒಂದು ಕಡೆ ಹೋದರು, ನಾನು ಹೇಳಬೇಕೆಂದಿದ್ದು ಇನ್ನೊಂದು ಕಡೆ ಉಳಿಯಿತು.

ಇಂಗ್ಲಿಷ್ ಬರೆಯುವಾಗ ನಾವು ಜಾಸ್ತಿ ಹೆದರುವುದು ಹ್ಯಾಸ್, ಹ್ಯಾವ್, ಎ, ದ ಇಂಥವಕ್ಕೆ. ಅವೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ತಪ್ಪಾದರೂ ಓದುವವರಿಗೆ ಹೆಚ್ಚಿನ ಸಲ ವಿಷಯ ಗೊತ್ತಾಗುತ್ತದೆ. ಓದುವವರು ನಿಜವಾಗಿ ಎಡವುವುದು ಬೇರೆ ಎರಡು ಜಾಗದಲ್ಲಿ. ಒಂದು, ಸಾಲಾಗಿ ಹೇಳಿದ ವಿಷಯಗಳು ಒಂದೇ ರೂಪದಲ್ಲಿ ಇಲ್ಲದಿದ್ದಾಗ. ಸಾಲಿನಲ್ಲಿರುವವಕ್ಕೆಲ್ಲ ಒಂದೇ ರೂಪ ಇರುವುದನ್ನು ಪ್ಯಾರಲಲ್ ಸ್ಟ್ರಕ್ಚರ್ ಅನ್ನುತ್ತಾರೆ. ಇನ್ನೊಂದು, ಹೀ, ಶೀ, ಇಟ್, ದೇ, ದಿಸ್ ಎಂಬ ಸರ್ವನಾಮಗಳು ಯಾರ ಬಗ್ಗೆ, ಯಾವುದರ ಬಗ್ಗೆ ಹೇಳುತ್ತಿವೆ ಅಂತ ತಿಳಿಯದಿದ್ದಾಗ. ಎರಡನ್ನೂ ಪೆನ್ಸಿಲ್ ಹಿಡಿದು ಹುಡುಕಬಹುದು. ದೊಡ್ಡ ವ್ಯಾಕರಣ ಪುಸ್ತಕ ಬೇಕಾಗಿಲ್ಲ.

ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿ. ಕಣ್ಣು ಬಿಟ್ಟ ತಪ್ಪನ್ನು ಕಿವಿ ಹಿಡಿಯುತ್ತದೆ.

ನಿಮ್ಮ ಕಿವಿಗೆ ಇದು ಆಗಲೇ ಗೊತ್ತು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಈ ಗಾದೆ ಒಮ್ಮೆ ಕೇಳಿದರೆ ಮರೆಯುವುದಿಲ್ಲ, ಅಲ್ವಾ? ಊಟ ಇದ್ದ ಜಾಗದಲ್ಲಿ ಮಾತು, ರೋಗ ಇದ್ದ ಜಾಗದಲ್ಲಿ ಜಗಳ. ಉಳಿದ ಚೌಕಟ್ಟು ಹಾಗೇ ಇದೆ. ಪ್ಯಾರಲಲ್ ಸ್ಟ್ರಕ್ಚರ್ ಅಂದರೆ ಇಷ್ಟೇ. ಸಮನಾದ ವಿಷಯಗಳಿಗೆ ಸಮನಾದ ರೂಪ.

ಈಗ ಇದನ್ನು ಓದಿ: "ಅವಳಿಗೆ ಓದುವುದು, ಈಜುವುದು ಮತ್ತು ಹಾಡಲು ಇಷ್ಟ." ಕೊನೆಯಲ್ಲಿ ಕಾಲು ಜಾರಿದ ಹಾಗೆ ಆಗುತ್ತದೆ. ಯಾರೂ ನಿಯಮ ಹೇಳಿಕೊಡದಿದ್ದರೂ ನಾವು "ಹಾಡುವುದು" ಅಂತ ತಿದ್ದುತ್ತೇವೆ. "ಶೀ ಲೈಕ್ಸ್ ರೀಡಿಂಗ್, ಸ್ವಿಮಿಂಗ್ ಅಂಡ್ ಟು ಸಿಂಗ್" ಎಂಬುದರಲ್ಲೂ ಅದೇ ತಪ್ಪಿದೆ. ಆದರೆ ಇಂಗ್ಲಿಷ್‌ನಲ್ಲಿ ಅದು ಥಟ್ಟನೆ ಕಾಣುವುದಿಲ್ಲ, ಯಾಕೆಂದರೆ ನಮ್ಮ ಗಮನವೆಲ್ಲ ಅರ್ಥದ ಮೇಲಿರುತ್ತದೆ. ಅದಕ್ಕೇ ಪೆನ್ಸಿಲ್.

ಹಂತ 1: ಅಂಡ್, ಆರ್, ಬಟ್ ಸುತ್ತ ಗೆರೆ ಹಾಕಿ

ನೀವು ಬರೆದ ಪ್ಯಾರಾದಲ್ಲಿ ಈ ಮೂರು ಪದಗಳಿಗೆ ಮಾತ್ರ ಗುಂಡಗೆ ಗೆರೆ ಎಳೆಯಿರಿ. ಆಮೇಲೆ ಪ್ರತಿ ಗೆರೆಯ ಬಲಗಡೆ ನೋಡಿ. ಎಡಗಡೆ ಅಲ್ಲ, ಮೊದಲು ಬಲಗಡೆ. ಅಂಡ್ ಆದ ಕೂಡಲೇ ಏನಿದೆ? ನಾಮಪದವೇ, ರೀಡಿಂಗ್, ಸ್ವಿಮಿಂಗ್ ಥರದ ಐಎನ್‌ಜಿ ರೂಪವೇ, ಟು ಜೊತೆಗಿನ ಕ್ರಿಯಾಪದವೇ, ಪೂರ್ತಿ ವಾಕ್ಯವೇ? ಅದನ್ನು ಗುರುತಿಸಿಕೊಂಡು ಎಡಗಡೆ ಬನ್ನಿ, ಅದೇ ರೂಪದ ಜೊತೆಗಾರರನ್ನು ಹುಡುಕಿ. ಸಿಕ್ಕರೆ ಸಾಲು ಸರಿ. ಸಿಗದಿದ್ದರೆ ಅಲ್ಲೇ ತಿದ್ದಬೇಕು.

ಅನುಮಾನ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಸಾಲು ಶುರುವಾಗುವ ಮೊದಲಿನ ಭಾಗವನ್ನು ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಜೋಡಿಸಿ ಓದಿ. "ಹೀ ಈಸ್ ಪಂಕ್ಚುಯಲ್, ಕೇರ್‌ಫುಲ್ ಅಂಡ್ ಹ್ಯಾಸ್ ಗುಡ್ ಹ್ಯಾಂಡ್‌ರೈಟಿಂಗ್" ತೆಗೆದುಕೊಳ್ಳಿ. "ಹೀ ಈಸ್ ಪಂಕ್ಚುಯಲ್", ಸರಿ. "ಹೀ ಈಸ್ ಕೇರ್‌ಫುಲ್", ಸರಿ. "ಹೀ ಈಸ್ ಹ್ಯಾಸ್ ಗುಡ್ ಹ್ಯಾಂಡ್‌ರೈಟಿಂಗ್", ಇಲ್ಲಿ ಮುರಿದುಬಿತ್ತು.

ತಿದ್ದಲು ಎರಡು ದಾರಿ ಇವೆ. ಮೂರನೆಯದನ್ನೂ ಅದೇ ಅಚ್ಚಿಗೆ ಹಾಕಿ "ಪಂಕ್ಚುಯಲ್, ಕೇರ್‌ಫುಲ್ ಅಂಡ್ ನೀಟ್" ಅನ್ನಬಹುದು. ಆದರೆ ನೀಟ್ ಅಂದಾಗ ಕೈಬರಹದ ಮಾತೇ ಹೋಯಿತು. ಅದು ಮುಖ್ಯವಾಗಿದ್ದರೆ ಎರಡನೇ ದಾರಿ ಹಿಡಿಯಿರಿ: "ಹೀ ಈಸ್ ಪಂಕ್ಚುಯಲ್ ಅಂಡ್ ಕೇರ್‌ಫುಲ್, ಅಂಡ್ ಹೀ ಹ್ಯಾಸ್ ಗುಡ್ ಹ್ಯಾಂಡ್‌ರೈಟಿಂಗ್." ಎರಡು ಗುಣ ಒಂದು ಸಾಲಿನಲ್ಲಿ, ಕೈಬರಹ ಬೇರೆ ವಾಕ್ಯದಲ್ಲಿ. ನನಗೆ ಇದೇ ಇಷ್ಟ. ರೂಪ ಹೊಂದಿಸಬೇಕು ಅಂತ ಹೇಳಬೇಕಾದ ವಿಷಯವನ್ನೇ ಬದಲಿಸಿಬಿಟ್ಟರೆ ತಿದ್ದಿದ ಹಾಗಾಗಲಿಲ್ಲ.

"ಟು" ಬಗ್ಗೆ ಒಂದೇ ಮಾತು: ಮೊದಲನೆಯದಕ್ಕೆ ಮಾತ್ರ ಹಾಕಿ, ಇಲ್ಲವೇ ಎಲ್ಲದಕ್ಕೂ ಹಾಕಿ. "ಟು ರೀಡ್, ರೈಟ್ ಅಂಡ್ ಸ್ಪೀಕ್" ಸರಿ. "ಟು ರೀಡ್, ಟು ರೈಟ್ ಅಂಡ್ ಟು ಸ್ಪೀಕ್" ಕೂಡ ಸರಿ. "ಟು ರೀಡ್, ರೈಟ್ ಅಂಡ್ ಟು ಸ್ಪೀಕ್" ಬೇಡ.

ಇನ್, ಆನ್, ಅಟ್, ಬೈ ಇಂಥ ಪದಗಳಿಗೂ ಇದೇ ಲೆಕ್ಕ. ಆದರೆ ಬೇರೆಬೇರೆ ಪದ ಬೇಕಾದ ಕಡೆ ಒಂದನ್ನೂ ನುಂಗುವ ಹಾಗಿಲ್ಲ. "ಶೀ ಈಸ್ ಇಂಟರೆಸ್ಟೆಡ್ ಅಂಡ್ ಗುಡ್ ಅಟ್ ಡ್ರಾಯಿಂಗ್" ಎಂಬುದರಲ್ಲಿ ಇಂಟರೆಸ್ಟೆಡ್ ಆದ ಮೇಲೆ "ಇನ್" ಬಿಟ್ಟುಹೋಗಿದೆ. "ಇಂಟರೆಸ್ಟೆಡ್ ಇನ್ ಅಂಡ್ ಗುಡ್ ಅಟ್ ಡ್ರಾಯಿಂಗ್" ಆಗಬೇಕು. ಅಬ್ರಹಾಂ ಲಿಂಕನ್ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಆಡಿದ "ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್" ಎಂಬ ಮಾತನ್ನು ನೆನಪಿಸಿಕೊಳ್ಳಿ. ಅಲ್ಲಿ ಬದಲಾಗುವುದು ಆ ಪುಟ್ಟ ಪದ ಮಾತ್ರ. ಮಾತಿನ ಪೂರ್ತಿ ಭಾರ ಅದರ ಮೇಲೇ ನಿಂತಿದೆ.

ಐಎನ್‌ಜಿ ರೂಪ ಕೋರ್ಟಿಗೆ ಹೋದ ಕಥೆ

ಇದೆಲ್ಲ ಮೇಷ್ಟ್ರುಗಳ ಹಟ ಅಂತ ಅನಿಸಿದರೆ ಈ ಪ್ರಕರಣ ನೋಡಿ. ಅಮೆರಿಕದ ಮೇನ್ ರಾಜ್ಯದಲ್ಲಿ ಓವರ್‌ಟೈಮ್ ಕಾನೂನು ಒಂದಿದೆ. ಆಹಾರ ಪದಾರ್ಥಗಳಿಗೆ ಸಂಬಂಧಿಸಿದ ಕೆಲವು ಕೆಲಸಗಳಿಗೆ ಓವರ್‌ಟೈಮ್ ಹಣ ಕೊಡಬೇಕಾಗಿಲ್ಲ ಅಂತ ಅದರಲ್ಲಿ ಪಟ್ಟಿ ಇತ್ತು: ಕ್ಯಾನಿಂಗ್, ಪ್ರೊಸೆಸಿಂಗ್, ಪ್ರಿಸರ್ವಿಂಗ್, ಫ್ರೀಜಿಂಗ್, ಡ್ರೈಯಿಂಗ್, ಮಾರ್ಕೆಟಿಂಗ್, ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್.

ಒಂದು ಡೈರಿ ಕಂಪನಿಯ ಲಾರಿ ಚಾಲಕರು ಓವರ್‌ಟೈಮ್ ಕೇಳಿದರು. ಡಿಸ್ಟ್ರಿಬ್ಯೂಷನ್, ಅಂದರೆ ಸಾಗಿಸಿ ಹಂಚುವುದು, ಪಟ್ಟಿಯಲ್ಲೇ ಇದೆ, ಆದ್ದರಿಂದ ಕೊಡಬೇಕಾಗಿಲ್ಲ ಎಂದಿತು ಕಂಪನಿ. ಚಾಲಕರ ಕಡೆಯವರು ಎರಡು ವಿಷಯ ತೋರಿಸಿದರು. ಆರ್ ಬರುವ ಮೊದಲು ಅಲ್ಪವಿರಾಮ ಇಲ್ಲ. ಜೊತೆಗೆ, ಪಟ್ಟಿಯ ಕೆಲಸಗಳೆಲ್ಲ ಐಎನ್‌ಜಿಯಲ್ಲಿ ಮುಗಿಯುತ್ತವೆ, ಡಿಸ್ಟ್ರಿಬ್ಯೂಷನ್ ಹಾಗಿಲ್ಲ. ಅದರ ರೂಪ ಹೊಂದುವುದು ಶಿಪ್‌ಮೆಂಟ್ ಜೊತೆಗೆ. ಹಾಗಾಗಿ ಕೊನೆಯ ಕೆಲಸ "ಪ್ಯಾಕಿಂಗ್" ಒಂದೇ, ಶಿಪ್‌ಮೆಂಟ್‌ಗಾಗಿ ಅಥವಾ ಡಿಸ್ಟ್ರಿಬ್ಯೂಷನ್‌ಗಾಗಿ. ನಾವು ಪ್ಯಾಕ್ ಮಾಡುವವರಲ್ಲ, ಸಾಗಿಸುವವರು ಎಂಬುದು ಚಾಲಕರ ವಾದ.

2017ರಲ್ಲಿ ಮೇಲ್ಮನವಿ ಕೋರ್ಟ್, ಕಾನೂನಿನ ಮಾತು ಸ್ಪಷ್ಟವಾಗಿಲ್ಲ, ಹಾಗಿರುವಾಗ ಕೆಲಸಗಾರರ ಪರವಾಗಿ ಓದಬೇಕು ಎಂದು ಚಾಲಕರ ಕಡೆ ತೀರ್ಪು ಕೊಟ್ಟಿತು. ಮುಂದಿನ ವರ್ಷ 50 ಲಕ್ಷ ಡಾಲರ್‌ಗೆ ರಾಜಿಯಾಯಿತು. ಎಲ್ಲರೂ ಅಲ್ಪವಿರಾಮದ ಬಗ್ಗೆ ಮಾತಾಡಿದರು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲೆ ಕಾನೂನನ್ನು ತಿದ್ದಿದ ರೀತಿ. ಚಿಹ್ನೆ ಬದಲಿಸಿದ್ದಲ್ಲದೆ ಡಿಸ್ಟ್ರಿಬ್ಯೂಷನ್ ಎಂಬುದನ್ನು "ಡಿಸ್ಟ್ರಿಬ್ಯೂಟಿಂಗ್" ಅಂತ ಮಾಡಿದರು. ಸಾಲಿನಲ್ಲಿ ನಿಲ್ಲಬೇಕಾದ ಪದಕ್ಕೆ ಸಾಲಿನ ರೂಪ ಕೊಟ್ಟರು.

ಹಂತ 2: ಜೋಡಿ ಪದಗಳನ್ನು ನೋಡಿ

ಬೋತ್ ಜೊತೆಗೆ ಅಂಡ್, ಐದರ್ ಜೊತೆಗೆ ಆರ್, ನೈದರ್ ಜೊತೆಗೆ ನಾರ್, ನಾಟ್ ಓನ್ಲಿ ಜೊತೆಗೆ ಬಟ್ ಆಲ್ಸೋ. ಇವು ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಮೊದಲ ಪದ ಆದ ಕೂಡಲೇ ಏನು ಬರುತ್ತದೋ ಎರಡನೇ ಪದ ಆದ ಕೂಡಲೇ ಅದೇ ಬಗೆಯದು ಬರಬೇಕು.

"ಹೀ ನಾಟ್ ಓನ್ಲಿ ಸ್ಪೀಕ್ಸ್ ಕನ್ನಡ ಬಟ್ ಆಲ್ಸೋ ಇಂಗ್ಲಿಷ್." ನಾಟ್ ಓನ್ಲಿ ಆದ ಮೇಲೆ ಕ್ರಿಯಾಪದ, ಬಟ್ ಆಲ್ಸೋ ಆದ ಮೇಲೆ ನಾಮಪದ. ತಕ್ಕಡಿ ವಾಲಿತು. "ಹೀ ಸ್ಪೀಕ್ಸ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ಇಂಗ್ಲಿಷ್" ಅಂದರೆ ನೆಟ್ಟಗಾಯಿತು.

ನಮಗೆ ಈ ತಪ್ಪು ಯಾಕೆ ಜಾಸ್ತಿ ಆಗುತ್ತದೆ ಅಂತ ನಾನು ಬಹಳ ಯೋಚಿಸಿದ್ದೇನೆ. ಕನ್ನಡದಲ್ಲಿ "ಕನ್ನಡವನ್ನೂ ಇಂಗ್ಲಿಷನ್ನೂ ಮಾತಾಡುತ್ತಾನೆ" ಅನ್ನುತ್ತೇವೆ. ಆ "ಊ" ಆಯಾ ಪದಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ತಪ್ಪು ಜಾಗದಲ್ಲಿ ಇಡುವ ಸಂದರ್ಭವೇ ಬರುವುದು ಕಡಿಮೆ. ಇಂಗ್ಲಿಷ್‌ನಲ್ಲಿ ನಾಟ್ ಓನ್ಲಿ ಬಿಡಿ ಪದ. ಎಲ್ಲಿ ಬೇಕಾದರೂ ಕೂತುಬಿಡುತ್ತದೆ. ಸರಿಯಾದ ಜಾಗ ಹುಡುಕಿ ಇಡುವ ಕೆಲಸ ನಮ್ಮದು. ಕನ್ನಡದಲ್ಲಿ ಆ "ಊ" ಯಾವ ಪದಕ್ಕೆ ಅಂಟುತ್ತದೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಇಂಗ್ಲಿಷ್‌ನಲ್ಲಿ ಅದೇ ಪದಕ್ಕೆ ಮೊದಲು ಜೋಡಿ ಪದ ಇಡಿ. ಹೆಚ್ಚಿನ ಸಲ ಸರಿಹೋಗುತ್ತದೆ.

ಹಂತ 3: ದ್ಯಾನ್ ಇದ್ದರೆ ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ ನೋಡಿ

"ದ ಬ್ಯಾಟರಿ ಆಫ್ ದಿಸ್ ಫೋನ್ ಈಸ್ ಬೆಟರ್ ದ್ಯಾನ್ ದಟ್ ಫೋನ್." ಇಲ್ಲಿ ಬ್ಯಾಟರಿಯನ್ನು ಬ್ಯಾಟರಿಗೆ ಹೋಲಿಸಿಲ್ಲ, ಇಡೀ ಫೋನಿಗೆ ಹೋಲಿಸಿದೆ. "ಈ ಫೋನಿನ ಬ್ಯಾಟರಿ ಆ ಫೋನಿಗಿಂತ ಚೆನ್ನಾಗಿದೆ" ಅಂತ ಮಾತಿನಲ್ಲಿ ಸಲೀಸಾಗಿ ಹೇಳುತ್ತೇವೆ, ಅದೇ ಇಂಗ್ಲಿಷ್‌ಗೂ ಬಂದುಬಿಡುತ್ತದೆ. ಬರೆಯುವಾಗ "ದಿಸ್ ಫೋನ್ ಹ್ಯಾಸ್ ಎ ಬೆಟರ್ ಬ್ಯಾಟರಿ ದ್ಯಾನ್ ದಟ್ ಒನ್" ಅಂದರೆ ಸುಲಭ. ಕ್ರಿಯೆಗಳನ್ನು ಹೋಲಿಸುವಾಗಲೂ ರೂಪ ಒಂದೇ ಇರಲಿ. "ರೀಡಿಂಗ್ ಈಸ್ ಈಸಿಯರ್ ದ್ಯಾನ್ ರೈಟಿಂಗ್" ಅನ್ನಿ, "ದ್ಯಾನ್ ಟು ರೈಟ್" ಅನ್ನಬೇಡಿ.

ಹಂತ 4: ಸರ್ವನಾಮದಿಂದ ಬಾಣ ಎಳೆಯಿರಿ

ಈಗ ಪೆನ್ಸಿಲ್ ಬಣ್ಣ ಬದಲಿಸಿ. ಹೀ, ಶೀ, ಇಟ್, ದೇ, ಹಿಸ್, ಹರ್, ದೆಮ್, ದಿಸ್, ದಟ್, ವಿಚ್ ಎಲ್ಲಿ ಸಿಕ್ಕರೂ ಗುರುತು ಹಾಕಿ. ಪ್ರತಿಯೊಂದರಿಂದ ಅದು ಹೇಳುವ ನಾಮಪದಕ್ಕೆ ಬಾಣ ಎಳೆಯಿರಿ. ಮನಸ್ಸಿನಲ್ಲಿ ಅಲ್ಲ, ಕಾಗದದ ಮೇಲೆ. ಒಂದೇ ನಾಮಪದಕ್ಕೆ ಹೋದರೆ ಬಿಟ್ಟುಬಿಡಿ. ಎರಡಕ್ಕೆ ಹೋಗಬಹುದಾದರೆ ತಿದ್ದಿ. ಬಾಣಕ್ಕೆ ಹೋಗಲು ನಾಮಪದವೇ ಇಲ್ಲದಿದ್ದರೂ ತಿದ್ದಿ.

ಈ ಕೆಲಸವನ್ನು ಬರೆದ ದಿನವೇ ಮಾಡಿದರೆ ಅಷ್ಟು ಪ್ರಯೋಜನ ಇಲ್ಲ. ಬರೆದಾಗ ಅರ್ಥ ತಲೆಯಲ್ಲಿ ಬಿಸಿಯಾಗಿರುತ್ತದೆ, ಬಾಣ ತಾನಾಗಿಯೇ ಸರಿಯಾದ ಕಡೆ ಹೋಗುತ್ತದೆ. ಓದುವವರ ತಲೆಯಲ್ಲಿ ಆ ಅರ್ಥ ಇನ್ನೂ ಹುಟ್ಟಿರುವುದಿಲ್ಲ. ಒಂದು ರಾತ್ರಿ ಬಿಡಿ, ಇಲ್ಲವೇ ಬೇರೆಯವರ ಕೈಯಲ್ಲಿ ಬಾಣ ಎಳೆಸಿ.

ಬಾಣ ಎರಡು ಕಡೆ ಹೋದಾಗ

"ರವಿ ಟೋಲ್ಡ್ ಕಿರಣ್ ದಟ್ ಹೀ ಹ್ಯಾಡ್ ಪಾಸ್ಡ್." ಪಾಸಾದದ್ದು ಯಾರು?

ಕನ್ನಡದಲ್ಲಿ ಈ ತೊಂದರೆ ತಪ್ಪಿಸುವುದು ಸುಲಭ. "ತಾನು ಪಾಸಾದೆ ಅಂತ ರವಿ ಕಿರಣ್‌ಗೆ ಹೇಳಿದ" ಅಂದರೆ ರವಿ. "ನೀನು ಪಾಸಾದೆ ಅಂತ ರವಿ ಕಿರಣ್‌ಗೆ ಹೇಳಿದ" ಅಂದರೆ ಕಿರಣ್. "ತಾನು" ಎಂಬ ಒಂದು ಪದ ನಮಗೆ ಎಷ್ಟು ಉಪಕಾರ ಮಾಡುತ್ತದೆ ಅಂತ ಇಂಗ್ಲಿಷ್ ಬರೆಯುವಾಗಲೇ ಗೊತ್ತಾಗುವುದು. ಇಂಗ್ಲಿಷ್‌ನಲ್ಲಿ ಅಂಥ ಪದ ಇಲ್ಲ. "ಹೀ" ಒಂದೇ ಇಬ್ಬರನ್ನೂ ಹೊರಬೇಕು.

ಆದ್ದರಿಂದ ವಾಕ್ಯವನ್ನೇ ತಿರುಗಿಸಬೇಕು. ಆಡಿದ ಮಾತನ್ನು ಹಾಗೇ ಕೊಡಬಹುದು: "ರವಿ ಟೋಲ್ಡ್ ಕಿರಣ್, 'ಯು ಹ್ಯಾವ್ ಪಾಸ್ಡ್.'" ಇಲ್ಲವೇ ಕ್ರಿಯಾಪದ ಬದಲಿಸಬಹುದು: "ರವಿ ಕಂಗ್ರಾಚುಲೇಟೆಡ್ ಕಿರಣ್ ಆನ್ ಪಾಸಿಂಗ್." ಯಾವುದೂ ಹೊಂದದಿದ್ದರೆ ಹೆಸರನ್ನೇ ಮತ್ತೆ ಹೇಳಿ. ಒಂದು ಪದವನ್ನು ಎರಡು ಸಲ ಬಳಸಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಗೊಂದಲಕ್ಕಿಂತ ಪುನರಾವರ್ತನೆ ಸಾವಿರ ಪಾಲು ಮೇಲು. ಸೂಚನೆ, ಕರಾರು, ಔಷಧಿ ತೆಗೆದುಕೊಳ್ಳುವ ವಿಧಾನ ಇಂಥ ಕಡೆ ಸರ್ವನಾಮವನ್ನು ಆದಷ್ಟು ದೂರ ಇಡಿ. ನನ್ನ ಯಂತ್ರದ ಸೂಚನೆಯನ್ನು ಕೊನೆಗೆ ಹೀಗೆ ತಿದ್ದಿದೆ: "ಟೇಕ್ ಔಟ್ ದ ಫಿಲ್ಟರ್. ವಾಶ್ ದ ಟ್ರೇ. ಡು ನಾಟ್ ವಾಶ್ ದ ಫಿಲ್ಟರ್." ಮೂರು ತುಂಡು ವಾಕ್ಯ. ಆಮೇಲೆ ಯಾರೂ ಫಿಲ್ಟರ್ ತೊಳೆಯಲಿಲ್ಲ.

"ಅರ್ಥ ನೋಡಿಕೊಂಡು ಓದುವವರೇ ತಿಳಿದುಕೊಳ್ಳುತ್ತಾರೆ ಬಿಡಿ" ಅಂತ ಕೆಲವರು ಹೇಳುತ್ತಾರೆ. ಕಂಪ್ಯೂಟರ್‌ಗೆ ಭಾಷೆ ಕಲಿಸಲು ಹೊರಟಿದ್ದ ಟೆರ್ರಿ ವಿನೋಗ್ರಾಡ್ 1972ರಲ್ಲಿ ಒಂದು ಉದಾಹರಣೆ ಕೊಟ್ಟರು. ಅದು ಆಮೇಲೆ ಸ್ವಲ್ಪ ಬದಲಾಗಿ ಈ ರೂಪದಲ್ಲಿ ಹೆಸರಾಯಿತು: ನಗರಸಭೆಯ ಸದಸ್ಯರು ಪ್ರತಿಭಟನಾಕಾರರಿಗೆ ಅನುಮತಿ ಕೊಡಲಿಲ್ಲ, "ಬಿಕಾಸ್ ದೇ ಫಿಯರ್ಡ್ ವಯಲೆನ್ಸ್". ಹಿಂಸೆಗೆ ಹೆದರಿದವರು ಸದಸ್ಯರು. ಈಗ ಫಿಯರ್ಡ್ ಜಾಗದಲ್ಲಿ "ಅಡ್ವೊಕೇಟೆಡ್" ಇಡಿ, ಅಂದರೆ ಹಿಂಸೆ ಬೇಕು ಎಂದು ವಾದಿಸಿದರು. ತಕ್ಷಣ "ದೇ" ಪ್ರತಿಭಟನಾಕಾರರ ಕಡೆ ತಿರುಗಿತು. ಒಂದೇ ಪದ ಬದಲಾಗಿದ್ದು. ಲೋಕಜ್ಞಾನ ಇದ್ದವರಿಗೆ ಇದು ಸಲೀಸು, ಯಂತ್ರಗಳಿಗೆ ಬಹಳ ಕಾಲ ಕಷ್ಟವಾಗಿತ್ತು. ವಿಷಯ ಹೊಸದಾದರೆ ಮನುಷ್ಯರಿಗೂ ಕಷ್ಟವೇ. ಟ್ರೇ, ಫಿಲ್ಟರ್ ಯಾವುದೂ ಗೊತ್ತಿಲ್ಲದವರು ಲೋಕಜ್ಞಾನವನ್ನು ಎಲ್ಲಿಂದ ತರಬೇಕು?

"ದೇ" ಬಗ್ಗೆ ಇನ್ನೂ ಒಂದು ವಿಷಯ. ನಾವು ಹಿರಿಯರನ್ನು "ಅವರು" ಅನ್ನುವವರು. ಹಾಗಾಗಿ "ಮೈ ಫಾದರ್ ಕೇಮ್ ಹೋಮ್, ದೇ ವರ್ ಟೈರ್ಡ್" ಅಂತ ಬರೆದುಬಿಡುವುದುಂಟು. ಇಂಗ್ಲಿಷ್‌ನಲ್ಲಿ ಗೌರವಕ್ಕೆ ಬಹುವಚನ ಇಲ್ಲ, "ಹೀ" ಅಂದರೆ ಅಗೌರವವೂ ಅಲ್ಲ. ಆದರೆ ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ "ದೇ" ಬಳಸುವುದು ಬೇರೆ ವಿಷಯ, ಅದು ಸರಿ. ಹದಿನಾಲ್ಕನೇ ಶತಮಾನದಿಂದಲೂ ಅದು ಇಂಗ್ಲಿಷ್‌ನಲ್ಲಿದೆ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2019ರಲ್ಲಿ ತನ್ನ ಬರವಣಿಗೆ ಕೈಪಿಡಿಯಲ್ಲೂ ಅದನ್ನು ಒಪ್ಪಿತು. ಹತ್ತಿರದಲ್ಲಿ ನಿಜವಾದ ಬಹುವಚನ ಇದ್ದಾಗ ಮಾತ್ರ ಹುಷಾರು. "ವೆನ್ ಎ ಸ್ಟೂಡೆಂಟ್ ಮೀಟ್ಸ್ ದ ಟೀಚರ್ಸ್, ದೇ ಮಸ್ಟ್ ಸೈನ್ ದ ಫಾರ್ಮ್" ಅಂದರೆ ಸಹಿ ಯಾರದು?

ಬಾಣಕ್ಕೆ ಜಾಗವೇ ಇಲ್ಲದಾಗ

ಇಲ್ಲಿ ಹೆಚ್ಚು ಸಿಕ್ಕಿಬೀಳುವುದು "ದಿಸ್". ಮೂರು ವಾಕ್ಯದಲ್ಲಿ ಬೆಲೆ ಏರಿದ್ದು, ಮಾರಾಟ ಇಳಿದದ್ದು, ಅಂಗಡಿ ಮುಚ್ಚಿದ್ದು ಎಲ್ಲ ಹೇಳಿ ನಾಲ್ಕನೆಯದನ್ನು "ದಿಸ್ ವರೀಡ್ ದ ಓನರ್" ಅಂತ ಶುರುಮಾಡುತ್ತೇವೆ. ಯಾವುದು ಚಿಂತೆಗೆ ಹಚ್ಚಿದ್ದು? ಮದ್ದು ಸುಲಭ. ದಿಸ್ ಆದ ಮೇಲೆ ಒಂದು ನಾಮಪದ ಇಡಿ: "ದಿಸ್ ಲಾಸ್", "ದಿಸ್ ಡಿಲೇ", "ದಿಸ್ ಡಿಸಿಷನ್". ಯಾವ ನಾಮಪದ ಇಡಬೇಕು ಅಂತ ತೋಚದಿದ್ದರೆ, ಹೇಳಬೇಕಾದ ವಿಷಯ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಅಂತ ಅರ್ಥ. ನನಗೆ ಇದು ಎಷ್ಟೋ ಸಲ ಆಗಿದೆ. ಆಗ ಸುಮ್ನೆ ವಾಕ್ಯ ತಿದ್ದಬೇಡಿ, ಕೂತು ಯೋಚನೆ ಮಾಡಿ.

"ವಿಚ್" ಕೂಡ ಹೀಗೇ. "ಹೀ ಸೋಲ್ಡ್ ದ ಓಲ್ಡ್ ಕಾರ್, ವಿಚ್ ಸರ್‌ಪ್ರೈಸ್ಡ್ ಅಸ್." ಆಶ್ಚರ್ಯ ಆದದ್ದು ಕಾರಿನಿಂದಲೋ ಮಾರಿದ್ದರಿಂದಲೋ? "ಇಟ್ ಸರ್‌ಪ್ರೈಸ್ಡ್ ಅಸ್ ದಟ್ ಹೀ ಸೋಲ್ಡ್ ದ ಓಲ್ಡ್ ಕಾರ್" ಅಂದರೆ ಮುಗಿಯಿತು. "ಇನ್ ದ ಫಾರ್ಮ್ ಇಟ್ ಸೇಸ್" ಬದಲು "ದ ಫಾರ್ಮ್ ಸೇಸ್" ಸಾಕು. "ದೇ ಹ್ಯಾವ್ ಕ್ಲೋಸ್ಡ್ ದ ರೋಡ್" ಬದಲು "ದ ರೋಡ್ ಈಸ್ ಕ್ಲೋಸ್ಡ್" ಸಾಕು, ಮುಚ್ಚಿದವರು ಯಾರು ಅನ್ನುವುದು ಮುಖ್ಯ ಅಲ್ಲದಿದ್ದರೆ.

ಎರಡೂ ಸೇರಿಸಿ ಒಂದು ಪ್ಯಾರಾ ತಿದ್ದೋಣ

ಕೆಲಸಕ್ಕೆ ಅರ್ಜಿ ಹಾಕುವವರೊಬ್ಬರು ಹೀಗೆ ಬರೆದಿದ್ದಾರೆ ಅಂದುಕೊಳ್ಳಿ:

"ಮೈ ಡ್ಯೂಟೀಸ್ ಇನ್‌ಕ್ಲೂಡ್ ಚೆಕಿಂಗ್ ಬಿಲ್ಸ್, ಟು ಎಂಟರ್ ದೆಮ್ ಇನ್ ದ ರಿಜಿಸ್ಟರ್ ಅಂಡ್ ದ ಮ್ಯಾನೇಜರ್ ಗೆಟ್ಸ್ ಎ ರಿಪೋರ್ಟ್. ವೆನ್ ಹೀ ಫೈಂಡ್ಸ್ ಎ ಮಿಸ್ಟೇಕ್ ಇನ್ ದ ರಿಜಿಸ್ಟರ್, ಐ ಕರೆಕ್ಟ್ ಇಟ್ ಅಂಡ್ ದಿಸ್ ಈಸ್ ಇನ್‌ಫಾರ್ಮ್ಡ್ ಟು ದ ಕಸ್ಟಮರ್."

ಮೊದಲ ಅಂಡ್ ಬಲಗಡೆ ಪೂರ್ತಿ ವಾಕ್ಯ ಇದೆ. ಎಡಗಡೆ ಒಂದು ಐಎನ್‌ಜಿ, ಒಂದು ಟು. ಮೂರಕ್ಕೆ ಮೂರು ರೂಪ. "ಇನ್‌ಕ್ಲೂಡ್" ಆದ ಮೇಲೆ ಐಎನ್‌ಜಿ ಸಲೀಸು. ಆದ್ದರಿಂದ ಚೆಕಿಂಗ್, ಎಂಟರಿಂಗ್, ಸೆಂಡಿಂಗ್. ರಿಪೋರ್ಟ್ ಕಳಿಸುವುದು ಅರ್ಜಿದಾರರ ಕೆಲಸ ಅನ್ನುವುದು ಮೊದಲು ಕಾಣುತ್ತಲೇ ಇರಲಿಲ್ಲ, ರೂಪ ಹೊಂದಿಸಿದ ಕೂಡಲೇ ಕಂಡಿತು.

ಈಗ ಬಾಣ. "ದೆಮ್" ಹೋಗುವುದು ಬಿಲ್ಸ್‌ಗೆ. ಹತ್ತಿರದಲ್ಲಿರುವ ಬಹುವಚನ ಅದೇ, ಅರ್ಥವೂ ಹೊಂದುತ್ತದೆ. ಬಿಟ್ಟುಬಿಡಿ. "ಹೀ" ಮ್ಯಾನೇಜರ್‌ಗೆ ಹೋಗುತ್ತದೆ, ಆದರೆ ಹೊಸ ವಾಕ್ಯ, ಮತ್ತೆ ಹೆಸರು ಹೇಳಿದರೆ ಒಳ್ಳೆಯದು. "ಇಟ್" ಮಿಸ್ಟೇಕ್‌ಗೂ ಹೋಗಬಹುದು, ರಿಜಿಸ್ಟರ್‌ಗೂ ಹೋಗಬಹುದು. ನಾಮಪದ ಇಡಿ. "ದಿಸ್" ಬಾಣಕ್ಕೆ ಜಾಗವೇ ಇಲ್ಲ. ಅದನ್ನು ತೆಗೆದು, "ಐ" ಎಂಬ ಒಂದೇ ಕರ್ತೃವಿಗೆ ಕರೆಕ್ಟ್, ಇನ್‌ಫಾರ್ಮ್ ಎಂಬ ಎರಡು ಕ್ರಿಯಾಪದಗಳನ್ನು ಸಮನಾಗಿ ಜೋಡಿಸಿ. ಗಮನಿಸಿ, ಸರ್ವನಾಮದ ತೊಂದರೆ ಇಲ್ಲಿ ತೀರಿದ್ದು ಸಾಲು ಸರಿಮಾಡಿದ್ದರಿಂದ. ಅದಕ್ಕೇ ಮೊದಲು ಸಾಲು, ಆಮೇಲೆ ಬಾಣ.

"ಮೈ ಡ್ಯೂಟೀಸ್ ಇನ್‌ಕ್ಲೂಡ್ ಚೆಕಿಂಗ್ ಬಿಲ್ಸ್, ಎಂಟರಿಂಗ್ ದೆಮ್ ಇನ್ ದ ರಿಜಿಸ್ಟರ್ ಅಂಡ್ ಸೆಂಡಿಂಗ್ ದ ಮ್ಯಾನೇಜರ್ ಎ ರಿಪೋರ್ಟ್. ವೆನ್ ದ ಮ್ಯಾನೇಜರ್ ಫೈಂಡ್ಸ್ ಎ ಮಿಸ್ಟೇಕ್ ಇನ್ ದ ರಿಜಿಸ್ಟರ್, ಐ ಕರೆಕ್ಟ್ ದ ಮಿಸ್ಟೇಕ್ ಅಂಡ್ ಇನ್‌ಫಾರ್ಮ್ ದ ಕಸ್ಟಮರ್."

ಮ್ಯಾನೇಜರ್ ಎರಡು ಸಲ, ಮಿಸ್ಟೇಕ್ ಎರಡು ಸಲ ಬಂದಿದೆ. ಇರಲಿ, ಹಾಗೇ ಕಳಿಸಿ.